ಗಾಡಿ ರಾತ್ರಿ ಎಲ್ಲಿ ಮಲಗತೈತಿ?

"ಕಾಕಾ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೂದು ಖರೆ. ಆದರ ಕರೆಂಟಿಂದು ತಗೊಳ್ಳೂದೋ, ಗ್ಯಾಸಿಂದೋ, ಹೈಬ್ರಿಡ್ಡೋ? ತಲಿ ಕೆಟ್ಟೈತಿ ನೋಡ್ರಿ."

ಬೇಲಿಯಾಚೆಯಿಂದ ನೆರೆಮನೆಯ ಹುಡುಗ ಹೀಗೆ ಕೇಳಿದಾಗ ನಾನು ತಿರುಗಿ ಕೇಳಿದ್ದು ಒಂದೇ ಮಾತು. "ತಮ್ಮಾ, ಗಾಡಿ ರಾತ್ರಿ ಎಲ್ಲಿ ಮಲಗತೈತಿ? ಅದನ್ನ ಮೊದಲ ಹೇಳು."

"ಇಲ್ಲೇರಿ, ನಮ್ಮ ಅಂಗಳದಾಗ. ಇನ್ನೆಲ್ಲಿ ಮಲಗತೈತಿ?"

"ಹಂಗಾರ ಅರ್ಧ ಉತ್ತರ ಸಿಕ್ಕಂಗ. ಇನ್ನರ್ಧ ಏನಂದರ, ನೀ ತಗೊಳ್ಳೂ ಗಾಡಿ ಇಷ್ಟ ವರ್ಷ ಎಲ್ಲಿ ಮಲಗಿತ್ತು ಅನ್ನೂದು."

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಹಳೆ ಗಾಡಿ ನೋಡಲು ಹೋದವರು ಬಾನೆಟ್ ಎತ್ತುವ ಮೊದಲೇ ಕೇಳುವುದು "ಎವರೇಜ್ ಎಷ್ಟ ಕೊಡತೈತಿ?" ಅಂತ. ಆ ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಮೂರನೆಯದು. ನಮ್ಮದು ಬೆಳಗಾದರೆ ಗಡಿ ದಾಟುವ ಸೀಮೆ. ನಿಪ್ಪಾಣಿಯವರು ಕಾಗಲ, ಕೊಲ್ಹಾಪುರಕ್ಕೆ ಹೋಗುತ್ತಾರೆ. ಕಾಗವಾಡ, ಉಗಾರದವರಿಗೆ ಮಿರಜ, ಸಾಂಗ್ಲಿ ಹತ್ತಿರ. ಅಥಣಿಯವರು ದೊಡ್ಡ ದವಾಖಾನೆ ಅಂದರೆ ಮಿರಜದ ದಾರಿ ಹಿಡಿಯುತ್ತಾರೆ. ರಾಯಬಾಗದ ಮಾಸ್ತರರು, ಗುಮಾಸ್ತರು ಚಿಕ್ಕೋಡಿಗೆ ಬಂದು ಹೋಗುತ್ತಾರೆ. ಹೋಗುವ ರಸ್ತೆ ಒಂದು ರಾಜ್ಯದ್ದು, ಕೊಳ್ಳುವ ಗಾಡಿಯ ಪಾಸಿಂಗ್ ಇನ್ನೊಂದು ರಾಜ್ಯದ್ದು, ನಡುವೆ ಮಳೆಗಾಲದಲ್ಲಿ ಉಕ್ಕುವ ಕೃಷ್ಣೆ, ದೂಧಗಂಗೆ, ವೇದಗಂಗೆ. ಬೆಂಗಳೂರಿನವರು ಬರೆದ ಸಲಹೆ ಇಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ.

ಹುಡುಗನ ಕೆಲಸ ಕಾಗಲದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ. ಚಿಕ್ಕೋಡಿಯಿಂದ ನಿಪ್ಪಾಣಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಕೊಗನೊಳ್ಳಿ ಟೋಲ್ ದಾಟಿದರೆ ಕಾಗಲ. ಹೋಗಿ ಬರಲು 90 ಕಿಲೋಮೀಟರ್ ಆಸುಪಾಸು. ತಿಂಗಳಿಗೆ 25 ದಿನ ಅಂದರೂ 2,250 ಕಿಲೋಮೀಟರ್, ವರ್ಷಕ್ಕೆ 27,000. ಇಷ್ಟು ದಿನ ಬೈಕಿನ ಮೇಲೆ ಹೋಗುತ್ತಿದ್ದ. ಕಬ್ಬಿನ ಸೀಜನ್‌ನಲ್ಲಿ ಹಿಂದಿನ ದೀಪವೂ ಇಲ್ಲದ ಜೋಡಿ ಟ್ರಾಲಿ ಟ್ರ್ಯಾಕ್ಟರುಗಳ ನಡುವೆ ಕತ್ತಲಲ್ಲಿ ಅವನು ಬರುವುದನ್ನು ನೆನೆದು ಅವರವ್ವ ಬಾಗಿಲಲ್ಲಿ ಕೂತಿರುವುದನ್ನು ನಾನೂ ನೋಡಿದ್ದೇನೆ. ಗಾಡಿ ಕೊಳ್ಳಲಿ ಎಂಬ ಆಸೆ ಅವನಿಗಿಂತ ನನಗೇ ಹೆಚ್ಚು.

"ಖರ್ಚಿನ ಲೆಕ್ಕ ಹಾಕೂಣು ಬಾ" ಎಂದೆ. "ಪೆಟ್ರೋಲು ಲೀಟರಿಗೆ ನೂರ ರೂಪಾಯಿ ಹಿಡಿ. ಅದಕ್ಕೂ ಹೆಚ್ಚೇ ಐತಿ, ಇರಲಿ, ಲೆಕ್ಕಕ್ಕ ಸುಲಭ. ಹಳೇ ಪೆಟ್ರೋಲ್ ಗಾಡಿ ಲೀಟರಿಗೆ 17 ಕೊಟ್ಟರ ತಿಂಗಳಿಗೆ 132 ಲೀಟರು, 13,200 ರೂಪಾಯಿ. ಹೈಬ್ರಿಡ್ ನಿಜವಾಗಿ 22 ಕೊಡತೈತಿ ಅನ್ನು, 10,200 ಆತು. ಸಿಎನ್‌ಜಿ ಕಿಲೋಕ್ಕ 25 ಕಿಲೋಮೀಟರು, ಕಿಲೋಕ್ಕ 90 ರೂಪಾಯಿ ಹಿಡಿದರ 8,100."

"ಮತ್ತ ಕರೆಂಟಿಂದು?"

"ಒಂದ ಯುನಿಟ್ಟಿಗೆ ಏಳು ಕಿಲೋಮೀಟರ್ ಹಿಡಿ. 320 ಯುನಿಟ್ಟು ಬೇಕು. ಗ್ವಾಡಿಯಿಂದ ಬ್ಯಾಟರಿಗೆ ಹೋಗೂದರಾಗ ಹತ್ತರಾಗ ಒಂದ ಪಾಲು ಕಾವಾಗಿ ಹೋಗತೈತಿ, ಹಂಗಾಗಿ 360 ಅನ್ನು. ಫಿಕ್ಸೆಡ್ ಚಾರ್ಜು, ಸರ್‌ಚಾರ್ಜು, ತೆರಿಗಿ ಎಲ್ಲಾ ಕೂಡಿ ಯುನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಎರಡೂವರಿ ಸಾವಿರ."

ಅವನ ಮುಖ ಅರಳಿತು. ಆದರೆ ಲೆಕ್ಕ ಅಲ್ಲಿಗೆ ನಿಲ್ಲಿಸಬಾರದು. ಅವರ ಮನೆಗೆ ಗೃಹಜ್ಯೋತಿ ಇದೆ. ತಿಂಗಳ ಬಳಕೆ 200 ಯುನಿಟ್ ದಾಟಿದ ದಿನ ಆ ಸೊನ್ನೆ ಬಿಲ್ಲು ಹೋಗಿ ಪೂರ್ತಿ ಬಿಲ್ಲು ಬರುತ್ತದೆ. ಈಗ ಪುಕ್ಕಟೆ ಬರುತ್ತಿರುವ ದೀಪ, ಫ್ಯಾನು, ಮಿಕ್ಸರಿನ ನೂರು ಯುನಿಟ್ಟಿಗೂ ದುಡ್ಡು ಕೊಡಬೇಕು. ಅಂದರೆ ಇನ್ನೂ ಏಳುನೂರು ರೂಪಾಯಿ ಸೇರಿಸಿ 3,200 ಎನ್ನಬೇಕು. ಹೀಗೆ ಸೇರಿಸಿದ ಮೇಲೂ ಪೆಟ್ರೋಲಿಗಿಂತ ತಿಂಗಳಿಗೆ ಹತ್ತು ಸಾವಿರ, ಸಿಎನ್‌ಜಿಗಿಂತ ಐದು ಸಾವಿರ ಉಳಿಯುತ್ತದೆ. ಗಾಡಿ ಚಾರ್ಜಿಂಗಿಗೆ ಬೇರೆ ದರದ ವರ್ಗವೇ ಇದೆ. ಮನೆಯ ಮೀಟರಿನಿಂದ ಬೇರ್ಪಡಿಸಿ ಇನ್ನೊಂದು ಮೀಟರ್ ಕೊಡುತ್ತಾರೇನು ಎಂದು ಹೆಸ್ಕಾಂ ಆಫೀಸಿನಲ್ಲಿ ಮೊದಲೇ ಕೇಳಬೇಕು. ಕೊಟ್ಟರೆ ಗೃಹಜ್ಯೋತಿಯೂ ಉಳಿಯುತ್ತದೆ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದವರು ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬಹುದು, 78,000 ರೂಪಾಯಿ ಸಹಾಯಧನ ಇದೆ. ನಮ್ಮ ಬಿಸಿಲಿಗೆ ದಿನಕ್ಕೆ ಹನ್ನೆರಡು ಯುನಿಟ್ ಬಂದರೆ ತಿಂಗಳಿಗೆ 360 ಆಯಿತು. ಈ ಹುಡುಗನ ಗಾಡಿ ತಿನ್ನುವುದೂ ಅಷ್ಟೇ.

"ಅಂಗಳ ಐತಿ ಅಂದಿ, ಖರೆ. ಅರ್ಥಿಂಗ್ ಐತೇನು?" ಎಂದು ಕೇಳಿದೆ.

ಅವನಿಗೆ ಗೊತ್ತಿರಲಿಲ್ಲ. ಹಳೆ ಮನೆಗಳಲ್ಲಿ ಇದೇ ದೊಡ್ಡ ತೊಡಕು. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಇದ್ದರೂ ಅದು ಇಳಿದ ಗುಂಡಿ ಒಣಗಿ ವರ್ಷಗಳಾಗಿರುತ್ತವೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅದು ನಮ್ಮ ಜೀವಕ್ಕಾಗಿಯೇ ಹಾಗೆ ಮಾಡುವುದು, ಅದನ್ನು ದಾಟಿಸಿ ಹೋಗುವ ಉಪಾಯ ಹುಡುಕಬಾರದು. 15 ಆಂಪಿಯರ್ ಸಾಕೆಟ್, ಮೀಟರಿನಿಂದ ನೇರ ಬಂದ ದಪ್ಪ ತಂತಿ, ಬೇರೆ ಎಂಸಿಬಿ, ಹೊಸ ಅರ್ಥಿಂಗ್ ಗುಂಡಿ, ಮಂಜೂರಾದ ಲೋಡ್ ಕಡಿಮೆಯಿದ್ದರೆ ಹೆಚ್ಚಿಸುವ ಅರ್ಜಿ. ಇವೆಲ್ಲ ಗಾಡಿ ಬರುವ ಮೊದಲು ಮುಗಿಯಬೇಕು. ತೋಟದ ಮನೆಯಲ್ಲಿರುವವರಿಗೆ ಇನ್ನೊಂದು ಮಾತು ಹೇಳಬೇಕು. ಪಂಪ್‌ಸೆಟ್ಟಿನ ಲೈನಿಗೆ ಕಾರು ಹಚ್ಚಬೇಡಿ. ಅದು ನೀರಾವರಿಗೆ ಕೊಟ್ಟ ವಿದ್ಯುತ್ತು. ಬೇಸಿಗೆಯಲ್ಲಿ ಎಲ್ಲರೂ ಮೋಟರು ಚಾಲೂ ಮಾಡಿದಾಗ ಅಲ್ಲಿ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂಬುದು ಮೋಟರ್ ಸುಟ್ಟುಕೊಂಡವರಿಗೆ ಗೊತ್ತು.

"ಕರೆಂಟ್ ಹೋದರ ಏನ ಮಾಡೂದ್ರಿ ಕಾಕಾ? ಮಳಿಗಾಲದಾಗ ಒಂದೊಂದ ರಾತ್ರಿ ಪೂರ್ತಿ ಇರಂಗಿಲ್ಲ."

ಅವನ ಈ ಪ್ರಶ್ನೆ ನನಗೆ ಬಹಳ ಮೆಚ್ಚಿಗೆಯಾಯಿತು. ಕಂಪನಿ ಹೇಳುವ ರೇಂಜನ್ನು ಬಿಟ್ಟು ಇದನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ದಿನದ ಓಟದ ಎರಡರಷ್ಟು ನಿಜವಾಗಿ ಓಡುವ ಗಾಡಿ ಬೇಕು, ಅಷ್ಟು ಸಾಕು. ಇವನದು ದಿನಕ್ಕೆ 90. ಜೀವ ಇರುವ ಬ್ಯಾಟರಿ 200 ಕಿಲೋಮೀಟರ್ ಓಡಿಸಿದರೆ, ಸಂಜೆ ಮನೆಗೆ ಬಂದಾಗಲೂ 110 ಉಳಿದಿರುತ್ತದೆ. ಆ ರಾತ್ರಿ ಕರೆಂಟ್ ಬರದಿದ್ದರೂ ಮರುದಿನ ಕಾಗಲಕ್ಕೆ ಹೋಗಿ ಬರಬಹುದು. ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ಎದೆನೋವು ಬಂದರೆ ಕೊಲ್ಹಾಪುರಕ್ಕಾಗಲಿ ಬೆಳಗಾವಿಗಾಗಲಿ ಅದೇ ಗಾಡಿಯಲ್ಲಿ ಮುಟ್ಟಬಹುದು. ವಿದ್ಯುತ್ ಕಾರಿಗೆ ಕಷ್ಟದ ಹೊತ್ತು ಎಂದರೆ ಇದೇ, ದಿನದ ಓಟ ಮುಗಿಸಿ ಬಂದು ಇನ್ನೂ ವೈರ್ ಹಚ್ಚದ ಹೊತ್ತು. ಆ ಹೊತ್ತಿಗೂ ಮನೆಯವರಿಗೆ ಧೈರ್ಯ ಕೊಡುವಷ್ಟು ಉಳಿದಿರಬೇಕು.

ಈ ಅಳತೆಯಿಂದ ನೋಡಿದರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ. ಟಾಟಾ ನೆಕ್ಸಾನ್ ಇವಿ 2020ರ ಜನವರಿಯಲ್ಲಿ ಬಂತು. 30.2 ಯುನಿಟ್ ಹಿಡಿಸುವ ಬ್ಯಾಟರಿ, ಕಾಗದದ ಮೇಲೆ 312 ಕಿಲೋಮೀಟರ್, ನಮ್ಮ ರಸ್ತೆಯಲ್ಲಿ ಎಸಿ ಹಾಕಿ ಓಡಿಸಿದರೆ 200ರ ಸುತ್ತಮುತ್ತ. ಅದೇ ತಿಂಗಳು ಬಂದ ಎಂಜಿ ಜಡ್‌ಎಸ್ ಇವಿಯ ಬ್ಯಾಟರಿ 44.5 ಯುನಿಟ್ಟಿನದು, ರೇಂಜ್ ಹೆಚ್ಚು, ಬೆಲೆಯೂ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಬಂದ ಟಿಯಾಗೊ ಇವಿಯಲ್ಲಿ ಎರಡು ಬ್ಯಾಟರಿ ಇವೆ, 19.2 ಮತ್ತು 24. ಚಿಕ್ಕೋಡಿಯಿಂದ ನಿಪ್ಪಾಣಿಗೆ ಮಾತ್ರ ಹೋಗಿ ಬರುವ ಮಾಸ್ತರಿಗೆ ಚಿಕ್ಕದೇ ಬೇಕಾದಷ್ಟಾಯಿತು. ಕಾಗಲಕ್ಕೆ ಹೋಗುವ ಇವನಿಗೆ ಅದು ಸಾಲದು. ಇನ್ನೂ ಹಿಂದಿನ ಇ-ವೆರಿಟೊ, ಮೊದಲ ಕಾಲದ ಟಿಗೊರ್ ಇವಿ ಅಗ್ಗಕ್ಕೆ ಸಿಗುತ್ತವೆ. ಅವುಗಳ ಫಾಸ್ಟ್ ಚಾರ್ಜಿಂಗ್ ಪಿನ್ನು ಹಳೆ ಮಾದರಿಯದು, ಈಗ ಹೆದ್ದಾರಿಯಲ್ಲಿರುವ ಸಿಸಿಎಸ್-2 ಚಾರ್ಜರಿಗೆ ಕೂರುವುದಿಲ್ಲ. ಬಿಟ್ಟುಬಿಡುವುದೇ ಒಳ್ಳೆಯದು.

"ಬ್ಯಾಟರಿ ಹೋದರ ಗಾಡಿನ ಹೋದಂಗ ಅಂತಾರಲ್ರಿ?"

"ಹೋದರ ಭಾಳ ಖರ್ಚು, ಸುಳ್ಳಲ್ಲ. ಅದಕ್ಕ ವಾರಂಟಿ ನೋಡು ಅನ್ನೂದು. ಟಾಟಾ ಗಾಡಿ ಬ್ಯಾಟರಿಗೆ ಎಂಟ ವರ್ಷ ಇಲ್ಲಾ 1,60,000 ಕಿಲೋಮೀಟರು, ಯಾವುದು ಮೊದಲ ಮುಗೀತೈತೋ ಅದು. ಮಂದಿ ವರ್ಷ ಎಣಸತಾರ. ನೀ ಕಿಲೋಮೀಟರ್ ಎಣಸಬೇಕು."

ಅವನ ಓಟ ವರ್ಷಕ್ಕೆ 27,000. ಈಗಾಗಲೇ 60,000 ಓಡಿದ ಗಾಡಿ ತಂದರೆ ವಾರಂಟಿಯಲ್ಲಿ ಒಂದು ಲಕ್ಷ ಉಳಿದಿರುತ್ತದೆ. ಅದು ನಾಲ್ಕು ವರ್ಷದೊಳಗೇ ಮುಗಿಯುತ್ತದೆ. 30,000 ಓಡಿದ್ದು ಸಿಕ್ಕರೆ ಇನ್ನೊಂದು ವರ್ಷ ಹೆಚ್ಚು ಬರುತ್ತದೆ, ಆದರೆ ಆಗ ಎಂಟು ವರ್ಷದ ಗಡುವು ಅಡ್ಡ ಬರುತ್ತದೆಯೇ ಎಂದೂ ನೋಡಬೇಕು. 2020ರ ಗಾಡಿಯ ಗಡುವು 2028ಕ್ಕೇ ತೀರುತ್ತದೆ, 2022ರದು 2030ಕ್ಕೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡು ಬೆಲೆ ಮಾತಾಡಬೇಕು. ಈಚಿನ ಕೆಲವು ಮಾದರಿಗಳಿಗೆ "ಜೀವಮಾನದ ವಾರಂಟಿ" ಎಂದು ಹೇಳುತ್ತಾರೆ. ಅದು ಮೊದಲ ಮಾಲೀಕನಿಗೆ ಮಾತ್ರ, ಎರಡನೆಯವನಿಗೆ ದಾಟುವುದಿಲ್ಲ. ಎಂಜಿ ವಿಂಡ್ಸರ್‌ನಂಥವುಗಳಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಪಡೆದು ಗಾಡಿ ಅಗ್ಗಕ್ಕೆ ಕೊಂಡವರೂ ಇದ್ದಾರೆ, ಹಾಗೆ ಕೊಂಡ ಗಾಡಿಯೇ ಎಂದು ಕೇಳದೆ ಮುಂಗಡ ಕೊಡಬಾರದು.

ಬ್ಯಾಟರಿಯ ಆರೋಗ್ಯವನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ. ಮಾರುವವನು ಅದಕ್ಕೆ ಒಪ್ಪದಿದ್ದರೆ ಆ ಗಾಡಿ ಬೇಡ. ಅಲ್ಲೇ ರ್‍ಯಾಂಪಿನ ಮೇಲೆ ಏರಿಸಿ ಕೆಳಗಿನಿಂದಲೂ ನೋಡಬೇಕು. ಬ್ಯಾಟರಿ ಇರುವುದು ಗಾಡಿಯ ಹೊಟ್ಟೆಯ ಕೆಳಗೆ, ನಮ್ಮ ಊರುಗಳ ಹಂಪುಗಳಿಗೆ ಅಳತೆಯಿಲ್ಲ. ಬ್ಯಾಟರಿಯ ಪೆಟ್ಟಿಗೆ ಎಲ್ಲಾದರೂ ನೆಗ್ಗಿದೆಯೇ, ಉಜ್ಜಿ ಬಣ್ಣ ಹೋಗಿದೆಯೇ ಎಂದು ಕೈಯಾಡಿಸಿ ನೋಡಬೇಕು. ನಂಬರ್ ಪ್ಲೇಟೂ ಒಂದು ಸಾಕ್ಷಿ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ ಗಾಡಿ, ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ಓಡಿದ್ದು. ಪುಣೆಯಲ್ಲಿ ಟ್ಯಾಕ್ಸಿಯಾಗಿ ದಿನಕ್ಕೆರಡು ಸಲ ಫಾಸ್ಟ್ ಚಾರ್ಜ್ ತಿಂದ ಬ್ಯಾಟರಿಗೂ ಮನೆಯಲ್ಲಿ ರಾತ್ರಿ ನಿಧಾನ ಚಾರ್ಜ್ ಆದ ಬ್ಯಾಟರಿಗೂ ಬಹಳ ಅಂತರ. ಹಲಗೆ ಬದಲಾಗಿದ್ದರೂ ಆರ್‌ಸಿಯ ಹಿಂದಿನ ವಿವರ ತೆಗೆಸಿದರೆ ಗೊತ್ತಾಗುತ್ತದೆ.

ವಿದ್ಯುತ್ ಕಾರನ್ನು ದೂರದೇಶದ ಸಾಮಾನು ಎಂದು ಅನುಮಾನದಿಂದ ನೋಡುವವರಿಗೆ ಒಂದು ಮಾತು ನೆನಪಿಸಬೇಕು. ದೇಶದ ರಸ್ತೆಗೆ 2001ರಲ್ಲೇ ವಿದ್ಯುತ್ ಕಾರು ಇಳಿಸಿದ್ದು ಬೆಂಗಳೂರಿನ ರೇವಾ, ಚೇತನ್ ಮೈನಿಯವರ ಶ್ರಮ. ಸೀಸದ ಬ್ಯಾಟರಿಯ ಪುಟ್ಟ ಗಾಡಿ, 80 ಕಿಲೋಮೀಟರಿಗೇ ದಣಿಯುತ್ತಿತ್ತು. ಆ ದಾರಿ ಕರ್ನಾಟಕದವರು ಕಾಲು ಶತಮಾನದ ಹಿಂದೆಯೇ ತುಳಿದದ್ದು ಎಂಬುದು ನನಗೆ ಅಭಿಮಾನದ ಸಂಗತಿ.

ಹೈಬ್ರಿಡ್ಡಿನ ಮಾತು ಬಂದದ್ದು ಅವನ ಅಥಣಿಯ ಸೋದರಮಾವನಿಂದ. ಮಾಮಾ ಒಂದು ದಿನ ಮಿರಜದ ದವಾಖಾನೆ, ಇನ್ನೊಂದು ದಿನ ವಿಜಯಪುರ, ಹಬ್ಬಕ್ಕೆ ಮಗಳ ಮನೆ ಪುಣೆ ಎಂದು ಓಡಾಡುವವರು. ನಾಳೆ ಎಷ್ಟು ದೂರ ಎಂದು ಇವತ್ತು ಹೇಳಲಾಗದವರು. ಹೆದ್ದಾರಿ ಬಿಟ್ಟು ಒಳಗೆ ಹೋದಂತೆ ಫಾಸ್ಟ್ ಚಾರ್ಜರು ವಿರಳವಾಗುವ ಕಡೆ ಅಂಥವರಿಗೆ ಹೈಬ್ರಿಡ್ ಒಪ್ಪುತ್ತದೆ. ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ ಎರಡೂ 2022ರಲ್ಲಿ ಬಂದವು, ಎರಡೂ ತಯಾರಾದದ್ದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ. ಕಂಪನಿ ಹೇಳುವ ಎವರೇಜ್ ಲೀಟರಿಗೆ 27.97.

"ಆದರ ಮಾಮಾಗ ಒಂದ ಮಾತ ಹೇಳು" ಎಂದೆ. "ಹಿಂದ ಹೈಬ್ರಿಡ್ ಅಂತ ಬರದದ್ದೆಲ್ಲಾ ಆ ಹೈಬ್ರಿಡ್ ಅಲ್ಲ. 2015ರಿಂದ ಸಿಯಾಜ್, ಎರ್ಟಿಗಾದಾಗ ಬಂದದ್ದು ಸಣ್ಣ ಸಹಾಯದ ಮೋಟರು. ಅದು ಎಂಜಿನ್ನಿಗೆ ಕೈ ಹಚ್ಚತೈತಿ ಅಷ್ಟ, ಒಂಟಿಯಾಗಿ ಗಾಡಿ ಎಳೆಯಾಂಗಿಲ್ಲ. ಏಜಂಟ ಅದನ್ನೂ ಹೈಬ್ರಿಡ್ ರೇಟಿಗೇ ಹೇಳತಾನ. ಎಂಜಿನ್ ಬಂದ್ ಇದ್ದಾಗ ಗಾಡಿ ಮುಂದ ಹೋಗತೈತೇನು, ಓಡಿಸಿ ನೋಡಂತ ಹೇಳು."

ಅಪ್ಪಟ ಹೈಬ್ರಿಡ್ ಉಳಿತಾಯ ತೋರಿಸುವುದು ನಿಧಾನದ ಓಟದಲ್ಲಿ. ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಗಾಲಿಗೆ ಕೊಡುವುದೇ ಅದರ ಕೆಲಸ. ನಾಲ್ಕುಪಥದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ನೂರರ ಹತ್ತಿರ ಓಡಿಸಿದರೆ ಬ್ರೇಕೇ ಇಲ್ಲ, ಹಿಡಿದಿಡುವುದೇನು? ಉಗಾರದ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಸೀಜನ್ನಿನಲ್ಲಿ ಟ್ರಾಲಿಗಳ ಹಿಂದೆ ತೆವಳುವವನಿಗೆ ಅದರ ಬೆಲೆ ತಿಳಿಯುತ್ತದೆ. ಕಾಗಲಕ್ಕೆ ನೇರ ಓಡುವ ನಮ್ಮ ಹುಡುಗನಿಗೆ ಹಾಕಿದ ದುಡ್ಡು ತಿರುಗಿ ಬರುವುದು ನಿಧಾನ.

ಸಿಎನ್‌ಜಿಯನ್ನು ನಾನು ತೆಗೆದುಹಾಕುವುದಿಲ್ಲ. ಇವನ ಜೊತೆ ಕೆಲಸ ಮಾಡುವ ಗೆಳೆಯ ನಿಪ್ಪಾಣಿಯಲ್ಲಿ ಗಲ್ಲಿಯೊಳಗೆ ಬಾಡಿಗೆಗಿದ್ದಾನೆ. ಗಾಡಿ ನಿಲ್ಲುವುದು ಬೀದಿಯಲ್ಲಿ, ಮನೆ ಎರಡನೇ ಮಾಳಿಗೆಯಲ್ಲಿ. ಅವನಿಗೆ ವಿದ್ಯುತ್ ಕಾರು ಕೊಳ್ಳು ಎಂದರೆ ತೊಂದರೆ ಕೊಟ್ಟಂತೆ. ಕಂಪನಿಯಿಂದಲೇ ಗ್ಯಾಸ್ ಕಿಟ್ ಹಾಕಿಸಿಕೊಂಡು ಬಂದ ವ್ಯಾಗನ್ ಆರ್‌ನಂಥ ಗಾಡಿ ಅವನಿಗೆ ಸರಿ. ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ, ಹಾಗಾಗಿ ಮೂರು ವರ್ಷಕ್ಕೊಮ್ಮೆ ಅದರ ತಪಾಸಣೆ ಕಡ್ಡಾಯ. ತಪಾಸಣೆಯ ತಾರೀಖು ಕೆತ್ತಿದ ಪಟ್ಟಿಯನ್ನು ಕಣ್ಣಾರೆ ನೋಡಬೇಕು. ಹೊರಗೆ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲಿ ಪೆಟ್ರೋಲ್ ಜೊತೆ ಸಿಎನ್‌ಜಿ ಎಂದು ಏರಿರಬೇಕು, ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಕೈಯೆತ್ತುತ್ತಾರೆ. ಪೈಪ್‌ಲೈನ್ ಮುಟ್ಟದ ಬಂಕುಗಳಿಗೆ ಗ್ಯಾಸ್ ಲಾರಿಯ ಮೇಲೆ ಬರುತ್ತದೆ. ಸಾಲಾಗಿ ಗಾಡಿಗಳು ತುಂಬಿಸಿಕೊಂಡಂತೆ ಒತ್ತಡ ಇಳಿದು, ಎಂಟು ಕಿಲೋ ಹಿಡಿಯುವಲ್ಲಿ ಐದಾರಕ್ಕೇ ನಿಲ್ಲುತ್ತದೆ. ಶಿಫ್ಟಿಗೆ ಹೋಗುವವನು ಮುಂಜಾನೆ ಸಾಲಿನಲ್ಲಿ ನಿಲ್ಲುವ ಹೊತ್ತನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಹಳೆ ಓಮ್ನಿಗೆ ಅಡುಗೆಮನೆಯ ಸಿಲಿಂಡರ್ ಹಚ್ಚಿ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವವರನ್ನು ಕಂಡರೆ ನನಗೆ ಇಂದಿಗೂ ಎದೆ ಒಡೆಯುತ್ತದೆ. ಅದು ಕಾನೂನಿಗೂ ವಿರುದ್ಧ, ಮಕ್ಕಳ ಜೀವಕ್ಕೂ ವಿರುದ್ಧ.

"ಪೆಟ್ರೋಲ್ ಗಾಡಿನ ತಗೊಂಡಬಿಟ್ಟರ? ಚಿಂತಿ ಇಲ್ಲಲ್ರಿ."

"ಪೆಟ್ರೋಲಿನ್ಯಾಗ ಈಗ ನಮ್ಮ ಕಬ್ಬೂ ಐತಿ ತಮ್ಮಾ. ನೂರು ಲೀಟರಿನ್ಯಾಗ ಇಪ್ಪತ್ತ ಲೀಟರು ಎಥೆನಾಲು."

ಬೆಳಗಾವಿ ಜಿಲ್ಲೆಯ ರೈತನಾಗಿ ಎಥೆನಾಲನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಕ್ಕರೆ ದರ ಬಿದ್ದಾಗ ಕಾರ್ಖಾನೆಗಳ ಕೈಯಲ್ಲಿ ದುಡ್ಡು ಓಡಾಡುವಂತೆ ಮಾಡಿದ್ದು ಅದೇ. ಆದರೆ ಕೊಳ್ಳುವವನು ತಿಳಿದಿರಬೇಕು: ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಎವರೇಜ್ ಸ್ವಲ್ಪ ಇಳಿಯುವುದು ಅದರ ಗುಣ. 2023ರ ಏಪ್ರಿಲ್ ನಂತರದ ಗಾಡಿಗಳು ಇದಕ್ಕೆ ಹೊಂದುವ ರಬ್ಬರು, ಪೈಪುಗಳೊಂದಿಗೇ ಬರುತ್ತವೆ. ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಯಾದರೆ ಇಂಧನದ ಪೈಪು, ವಾಷರುಗಳನ್ನು ಗೊತ್ತಿದ್ದ ಮೆಕ್ಯಾನಿಕ್‌ಗೆ ತೋರಿಸಿಯೇ ಮಾತು ಮುಗಿಸಬೇಕು.

ಇನ್ನು ಗಾಡಿ ಎಲ್ಲಿ ಮಲಗಿತ್ತು ಎಂಬ ವಿಚಾರ. 2019ರ ಆಗಸ್ಟನ್ನು ನಮ್ಮ ಕಡೆ ಯಾರೂ ಮರೆಯಲಾರರು. ಹೊಳೆ ಬಂದು ಸಾಂಗ್ಲಿಯ ಪೇಟೆ, ಕೊಲ್ಹಾಪುರದ ಬಡಾವಣೆಗಳು, ನಮ್ಮ ದಂಡೆಯ ಊರುಗಳು ನೀರಲ್ಲಿ ನಿಂತವು, ಹೆದ್ದಾರಿ ದಿನಗಟ್ಟಲೆ ಬಂದಾಯಿತು. 2021ರ ಜುಲೈಯಲ್ಲಿ ಮತ್ತೆ ಅದೇ ಆಯಿತು. ಆಗ ಮನುಷ್ಯರು, ದನಗಳು ಉಳಿದರೆ ಸಾಕು ಎಂದಿದ್ದೆವು, ಕಾರುಗಳನ್ನು ಯಾರು ನೋಡುತ್ತಾರೆ? ಮುಳುಗಿದ ಕಾರುಗಳನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿ ಮಾರುವುದು ಕಷ್ಟದ ಕೆಲಸವಲ್ಲ. ಮಾರುವವನ ಮಾತಿಗಿಂತ ಗಾಡಿಯ ಮೂಲೆಗಳನ್ನು ಕೇಳಬೇಕು. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಬೇಕು, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಯ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಮೂಲೆಯ ರಾಡಿ, ಹೆಡ್‌ಲೈಟಿನ ಒಳಗಿನ ಮಂಜು, ಕಾರ್ಪೆಟ್ ಎತ್ತಿದಾಗ ಬರುವ ಮುಗ್ಗಲು ವಾಸನೆ, ಇವು ಸುಳ್ಳು ಹೇಳುವುದಿಲ್ಲ. ಪೆಟ್ರೋಲ್ ಗಾಡಿ ಮುಳುಗಿದ್ದರೆ ವೈರಿಂಗ್ ಕಾಡುತ್ತದೆ. ವಿದ್ಯುತ್ ಅಥವಾ ಹೈಬ್ರಿಡ್ ಗಾಡಿ ಮುಳುಗಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ನೂರಾರು ವೋಲ್ಟಿನ ಜೋಡಣೆಯೊಳಗೆ ತೇವ ಎಲ್ಲಿ ಕೂತಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಗಡಿಯಾಚೆಯ ಗಾಡಿ ಅಗ್ಗ ಕಾಣುವುದಕ್ಕೆ ಇನ್ನೊಂದು ಕಾರಣ ತೆರಿಗೆ. ಎಂಎಚ್ 09 ಕೊಲ್ಹಾಪುರ ಪಾಸಿಂಗ್, ಎಂಎಚ್ 10 ಸಾಂಗ್ಲಿ ಪಾಸಿಂಗ್ ಗಾಡಿಯನ್ನು ಕೆಎ 23ಕ್ಕೆ ತರಬೇಕಾದರೆ ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು. ಸಾಲ ಇದ್ದರೆ ಬ್ಯಾಂಕಿನ ಫಾರ್ಮ್ 35 ಬೇಕು. ಹೆಸರು ಬದಲಿಗೆ 29, 30. ಆಮೇಲೆ ಕರ್ನಾಟಕದ ಲೈಫ್‌ಟ್ಯಾಕ್ಸ್. ಹೊಸ ಪೆಟ್ರೋಲ್, ಡೀಸೆಲ್ ಗಾಡಿಗೆ ಇಲ್ಲಿ ಬೆಲೆಯ ಶೇ 13ರಿಂದ 18ರವರೆಗೆ ತೆರಿಗೆ. ಹಳೆಯದಕ್ಕೆ ವಯಸ್ಸಿನ ಮೇಲೆ ಇಳಿಯುತ್ತದೆ, ಆದರೂ ಮೊತ್ತ ಸಣ್ಣದಲ್ಲ. ವಿದ್ಯುತ್ ಗಾಡಿಗಳ ತೆರಿಗೆ ಹಗುರ, ಆದರೂ ಕೊಳ್ಳುವ ವಾರದ ದರವನ್ನು ಚಿಕ್ಕೋಡಿ ಆರ್‌ಟಿಓದಲ್ಲಿ ಕೇಳಿಕೊಂಡೇ ಹೋಗುವುದು ಜಾಣತನ. ಬೇರೆ ರಾಜ್ಯದ ನಂಬರಿನಲ್ಲಿ ಹನ್ನೆರಡು ತಿಂಗಳ ಮೇಲೆ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. "ಕಾಗಲಕ್ಕ ದಿನಾ ಹೋಗತೀನಲ್ಲ, ಎಂಎಚ್ ಇದ್ದರ ಏನಾತ್ರಿ?" ಎಂದ ಹುಡುಗ. ದುಡಿಯುವುದು ಅಲ್ಲಿ, ಆದರೆ ಗಾಡಿ ಮಲಗುವುದು ಚಿಕ್ಕೋಡಿಯಲ್ಲಿ. ಕಾನೂನು ನೋಡುವುದೂ ಅದನ್ನೇ.

ದಿಲ್ಲಿಯಿಂದ ಬರುವ ಹತ್ತು ವರ್ಷದ ಡೀಸೆಲ್ ಗಾಡಿಗಳ ಬಗ್ಗೆಯೂ ಕೇಳಿದ. ಅಂಥವುಗಳ ಓಟಕ್ಕೆ ಅಲ್ಲಿ ನಿರ್ಬಂಧ ಹೇರಿದ್ದರಿಂದ ಅವು ಇಲ್ಲಿಗೆ ಬರತೊಡಗಿದವು. ದಿನಾ 90 ಕಿಲೋಮೀಟರ್ ಓಡುವವನಿಗೆ ಅದು ದುರಸ್ತಿಯ ಖರ್ಚನ್ನು ಮನೆಗೆ ಕರೆತಂದಂತೆ. ಬೇಡ ಎಂದೆ, ಅಷ್ಟೇ.

ಟೋಲಿನ ಲೆಕ್ಕ ಅವನೇ ತೆಗೆದ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸಿಗೆ 200 ಸಲ ದಾಟುವ ಮಿತಿ. ಅವನು ತಿಂಗಳಿಗೆ ಐವತ್ತು ಸಲ ದಾಟುತ್ತಾನೆ, ಹಾಗಾಗಿ ನಾಲ್ಕು ತಿಂಗಳಿಗೇ ಮುಗಿಯುತ್ತದೆ. ಆ ದರಕ್ಕೆ ವರ್ಷಕ್ಕೆ ಮೂರು ಪಾಸು, 9,000. ಒಂದು ದಾಟುವಿಕೆಗೆ 15 ರೂಪಾಯಿ ಬಿತ್ತು, ಪರವಾಗಿಲ್ಲ. ಹಳೆ ಮಾಲೀಕನ ಫಾಸ್ಟ್‌ಟ್ಯಾಗನ್ನು ಮುಚ್ಚಿಸಿ ತನ್ನ ಹೆಸರಿನಲ್ಲಿ ಹೊಸದು ಹಚ್ಚಿಸಬೇಕು, ಪಾಸು ಆ ಗಾಡಿಗೇ ಅಂಟಿರುತ್ತದೆ.

"ಹಂಗಾರ ಒಟ್ಟ ಏನ ಅಂತೀರಿ?"

"ನಿನಗ ಕರೆಂಟಿಂದ, ಅರ್ಥಿಂಗ್ ಮೊದಲ ಆಗಬೇಕು. ನಿನ್ನ ಗೆಳೆಯಾಗ ಸಿಎನ್‌ಜಿ, ಮಾಮಾಗ ಹೈಬ್ರಿಡ್."

ಕೊಲ್ಹಾಪುರದಲ್ಲಿ ಒಂದು 2022ರ ನೆಕ್ಸಾನ್ ನೋಡಿಟ್ಟಿದ್ದಾನಂತೆ, ಒಬ್ಬರೇ ಮಾಲೀಕರು, ಹಲಗೆಯ ಮೇಲೆ ಬಿಳಿ ಅಕ್ಷರ. ಬ್ಯಾಟರಿ ರಿಪೋರ್ಟ್ ಕೊಡಲು ಒಪ್ಪಿದ್ದಾರೆ.

"ರಿಪೋರ್ಟ್ ನೋಡು, ಆದರ ಓಡಿಸಿನೂ ನೋಡು. ನೂರ ಪರ್ಸೆಂಟ್ ಚಾರ್ಜ್ ಮಾಡಿಸಿಟ್ಟಿರ್ರಿ ಅಂತ ಹಿಂದಿನ ದಿನನ ಫೋನ್ ಮಾಡು. ಎಸಿ ಹಾಕಿ, ನಾಕ ಮಂದಿ ಕುಂತು, ನಿಪ್ಪಾಣಿ ತನಕ ಬಂದು ತವಂದಿ ಘಾಟ ಹತ್ತಿಸು. ಏರಿನ್ಯಾಗ ಎಷ್ಟ ತಿಂತು, ಇಳಿವಿನ್ಯಾಗ ಎಷ್ಟ ತಿರುಗಿ ತುಂಬಿಕೊಂತು ಅನ್ನೂದು ಕಾಣತೈತಿ. ಐವತ್ತ ಕಿಲೋಮೀಟರಿಗೆ ಇಪ್ಪತ್ತೈದ ಪರ್ಸೆಂಟ್ ಇಳಿದರ ಬ್ಯಾಟರಿ ಗಟ್ಟಿ ಐತಿ. ಮೂವತ್ತೈದರ ಮ್ಯಾಲ ಹೋದರ ಕೀಲಿ ಕೊಟ್ಟು ನಮಸ್ಕಾರ ಮಾಡಿ ಬಾ."

"ನಾಕನೇದವರು ನೀವ ಆಗ್ರಿ ಕಾಕಾ."

"ಐತವಾರ ಆದರ ಬರತೀನಿ. ಬ್ಯಾಟರಿ ತಗೊಂಡ ಬಾ, ಹಾಂ, ಟಾರ್ಚಿಂದು ಅಂದೆ ನಾ. ಸೀಟಿನ ಕೆಳಗ ಹಣಿಕಿ ನೋಡಾಕ ಬೇಕಾಗತೈತಿ."